ನನ್ನ ಅಗಲ ಭುಜಗಳು

ಬಲಗಾಲಿನ ಚಪ್ಪಲಿ ಕಾಲಲ್ಲಿಲ್ಲ ಎಂದು ನನಗೆ ಹೇಳಿದವಳು ಹೂ ಮಾರುವ ಗೌರಮ್ಮ.

“ಯಾಕ್ ಮಂಗ್ಳಾ, ಒಂದ್ ಕಾಲ್ಗೆ ಮಾತ್ರ ಮೆಟ್ಕಂಡ್ ಬಂದಿದ್ದೀಯಲ್ಲ?”

ಬಗ್ಗಿ ನೋಡಿದೆ. ಎಡಗಾಲಲ್ಲಿ ಚಪ್ಪಲಿ ಇತ್ತು. ಬಲಗಾಲು ಬರಿಗಾಲು. ನನ್ನ ಬಾಡಿಗೆ ಮನೆಯಿಂದ ಅಂಗಡಿಗೆ ಹತ್ತು ನಿಮಿಷದ ದಾರಿ. ಅದರಲ್ಲಿ ಚಪ್ಪಲಿ ಎಲ್ಲಿ ಜಾರಿತೋ ತಿಳಿಯಲಿಲ್ಲ. ಬೇಸಿಗೆಯಲ್ಲಿ ಕೊಳ್ಳೇಗಾಲದ ರಸ್ತೆ ಬೆಳಗ್ಗೆ ಹತ್ತಕ್ಕೇ ಕಾವಲಿಯಂತೆ ಕಾದಿರುತ್ತದೆ. ಆ ಬಿಸಿಯೂ ನನಗೆ ತಗಲಿರಲಿಲ್ಲ.

ಗೌರಮ್ಮ ನಕ್ಕಳು. ನಾನೂ ನಕ್ಕೆ. ಬಂದ ದಾರಿಯಲ್ಲೇ ಹಿಂದೆ ಹೋಗಿ ಚಪ್ಪಲಿ ಹುಡುಕಿಕೊಂಡು ಬಂದು ಮೆಷಿನ್ ಮುಂದೆ ಕೂತೆ. ಪೆಡಲ್ ಮೇಲೆ ಪಾದ ಇಟ್ಟೆ. ಇಟ್ಟಿದ್ದೇನೋ ಇಲ್ಲವೋ ಗೊತ್ತಾಗದೆ ಮತ್ತೆ ಬಗ್ಗಿ ನೋಡಬೇಕಾಯಿತು.

ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಒಂದು ಮೆಷಿನ್, ಒಂದು ಬೆಂಚು, ಅಳತೆ ತೆಗೆಯಲು ಪರದೆ ಕಟ್ಟಿದ ಒಂದು ಮೂಲೆ. ನಾನು ಟ್ರಾನ್ಸ್ ಮಹಿಳೆ. ಹುಟ್ಟಿದಾಗ ಗಂಡು ಎಂದುಕೊಂಡು ಬೇರೆ ಹೆಸರಿಟ್ಟಿದ್ದರು. ಮಂಗಳಾ ಎನ್ನುವುದು ನಾನೇ ಇಟ್ಟುಕೊಂಡ ಹೆಸರು. ಅಂಗಡಿ ಹಾಕಿದ ಹೊಸತರಲ್ಲಿ ಹೆಂಗಸರು ಹಳೆಯ ಬ್ಲೌಸನ್ನು ಅಳತೆಗೆಂದು ಕೊಟ್ಟು ಹೋಗುತ್ತಿದ್ದರು, ಪರದೆಯ ಹಿಂದೆ ಬರುತ್ತಿರಲಿಲ್ಲ. ಮೊದಲು ಬಂದು ಎರಡೂ ಕೈ ಎತ್ತಿ ನಿಂತವಳು ಗೌರಮ್ಮ. “ಅಳ್ತೆ ತಕವ್ವ, ಎದೆತಾವು ಬಿಗೀಬಾರ್ದು” ಎಂದಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಈಗ ಮದುವೆ ಕಾಲದಲ್ಲಿ ಬೆಂಚಿನ ಮೇಲೆ ಜಾಗ ಇರುವುದಿಲ್ಲ.

ಹತ್ತಾರು ವರ್ಷ ಹೆಂಗಸರ ಮೈ ಅಳೆದವಳಿಗೆ ಒಂದು ಮಾತು ಚೆನ್ನಾಗಿ ಗೊತ್ತಿರುತ್ತದೆ. ಎಡ ಬಲ ಸರಿಸಮ ಇರುವ ಮೈ ಯಾರಿಗೂ ಇಲ್ಲ. ಒಬ್ಬಳ ಒಂದು ಭುಜ ಇಳಿದಿರುತ್ತದೆ, ಇನ್ನೊಬ್ಬಳ ಒಂದು ತೋಳು ದಪ್ಪ, ಮತ್ತೊಬ್ಬಳ ಬೆನ್ನು ಗೂನು. ನಾಚಿಕೊಂಡವರಿಗೆಲ್ಲ ನಾನು “ಬಟ್ಟೆ ಮೈಗೆ ಹೊಂದ್ಬೇಕು ಕಣ್ರಿ, ಮೈ ಬಟ್ಟೆಗಲ್ಲ” ಎಂದು ಧೈರ್ಯ ಹೇಳುತ್ತಿದ್ದೆ. ನನಗೆ ನಾನು ಮಾತ್ರ ಹೇಳಿಕೊಂಡಿರಲಿಲ್ಲ. ಆರು ವರ್ಷದ ಹಿಂದೆ ಆಪರೇಷನ್ ಮಾಡಿಸಿಕೊಂಡ ಮೇಲೂ ನನ್ನ ಅಗಲ ಭುಜ ಅಗಲವಾಗಿಯೇ ಉಳಿಯಿತು. ಅದಕ್ಕೆ ಆಪರೇಷನ್ ಇಲ್ಲ. ಎಷ್ಟೇ ಸೆಕೆಯಿರಲಿ, ನನ್ನ ಬ್ಲೌಸಿಗೆ ಮೊಳಕೈ ದಾಟುವ ತೋಳು, ಅದರ ಮೇಲೆ ಹೊದ್ದ ಸೆರಗು.

ಚಪ್ಪಲಿ ಜಾರಿದ ಮರುದಿನ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಬೆರಳು ಹಿಡಿಯುತ್ತಿರಲಿಲ್ಲ. ಅದರ ಮರುದಿನ ಬೆಳಗ್ಗೆ ಚಾಪೆಯಿಂದ ಏಳಲು ಹೋದೆ.

ಕಾಲು ಬರಲಿಲ್ಲ.

ಗೋಡೆ ಹಿಡಿದು ಎದ್ದೆ, ಬಿದ್ದೆ, ಮತ್ತೆ ಎದ್ದೆ. ಫೋನ್ ಮಾಡಿದ್ದಕ್ಕೆ ಗೌರಮ್ಮ ಆಟೋ ಕರೆದುಕೊಂಡು ಬಂದಳು. ಊರಿನ ಡಾಕ್ಟರು ಸಣ್ಣ ಸುತ್ತಿಗೆಯಿಂದ ಮಂಡಿಗೆ ತಟ್ಟಿದರು. ಕಾಲು ಜಿಗಿಯಬೇಕು. ಜಿಗಿಯಲಿಲ್ಲ. ಇನ್ನೊಂದು ಮಂಡಿ ನೋಡಿದರು. ಅದೂ ಇಲ್ಲ.

“ಈಚೆಗೆ ಜ್ವರ, ಭೇದಿ ಏನಾದರೂ ಆಗಿತ್ತಾ?”

“ಎರಡು ವಾರದ ಹಿಂದೆ ಹೊಟ್ಟೆ ಕೆಟ್ಟಿತ್ತು ಡಾಕ್ಟ್ರೇ. ಮೂರು ದಿನಕ್ಕೆ ಸರಿಹೋಯ್ತು.”

ಅವರು ಸುತ್ತಿಗೆ ಕೆಳಗಿಟ್ಟರು. “ಮೈಸೂರಿಗೆ ಹೊರಡಿ. ಇವತ್ತೇ. ಜೊತೆಗೆ ಮನೆಯವರು ಯಾರಿದ್ದಾರೆ?”

ಮನೆಯವರು ಎಂದರೆ ನನಗೆ ಅವ್ವ ಒಬ್ಬಳೇ. ಮಧುವನಹಳ್ಳಿಯಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆ ಹುಳ ಸಾಕಿಕೊಂಡು ಇದ್ದಾಳೆ. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ. ವಾರಕ್ಕೊಮ್ಮೆ ಅಂಗಡಿಗೆ ಬರುತ್ತಿದ್ದಳು. ಸೊಪ್ಪು, ಹುರುಳಿಕಾಳು ಕೊಟ್ಟು, ಒಂದು ಲೋಟ ಟೀ ಕುಡಿದು ಹೋಗುತ್ತಿದ್ದಳು. ನಾನು ಸೀರೆ ಉಟ್ಟ ಮೊದಲ ದಿನವೂ “ಊಟ ಆಯ್ತಾ?” ಎಂದೇ ಕೇಳಿದವಳು. ಆದರೆ ನನ್ನ ಮೈಯ ಬಗ್ಗೆ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಅವ್ವ ಮಾತನ್ನು ಹೇಗೆ ದಾಟುತ್ತಿದ್ದಳು ಎನ್ನುವುದನ್ನು ಇಲ್ಲಿ ಹೇಳಬೇಕು. ನಮ್ಮ ಕಡೆ ಹೆಣ್ಣುಮಕ್ಕಳನ್ನೂ “ಮಗ” ಎಂದೇ ಕರೆಯುತ್ತಾರೆ. ಎದುರಿಗೆ ಮಾತಾಡುವಾಗ ಅದು ಸಾಕಾಗುತ್ತಿತ್ತು. ಬೇರೆಯವರ ಮುಂದೆ ನನ್ನ ಮಾತು ಬಂದರೆ, ಎಳೆ ಮಕ್ಕಳ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದಳು. “ನಮ್ ಮಗ ಕೊಳ್ಳೇಗಾಲದಲ್ಲದೆ. ಬಟ್ಟೆ ಒಲೀತದೆ. ವಾರಕ್ಕೊಂದ್ ಕಿತ ಫೋನ್ ಮಾಡ್ತದೆ.” ಅವನೂ ಅಲ್ಲ, ಅವಳೂ ಅಲ್ಲ, ಅದು. ನನಗೆ ಅದರಿಂದ ನೋವೇನೂ ಆಗುತ್ತಿರಲಿಲ್ಲ. ಅವ್ವ ಬೀಳದ ಹಾಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ.

ಅವ್ವ ಬಂದಳು. ಆಂಬುಲೆನ್ಸ್ ಬಂತು. ಮೈಸೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೈ ಎತ್ತಲೂ ಆಗುತ್ತಿರಲಿಲ್ಲ.

ಸೇರಿಸಿಕೊಳ್ಳುವ ಕಡೆ ಒಂದು ತೊಡಕು. ನನ್ನ ಒಂದು ಕಾರ್ಡಿನಲ್ಲಿ ಹಳೆಯ ಹೆಸರು, ಇನ್ನೊಂದರಲ್ಲಿ ಹೊಸ ಹೆಸರು. ಬರೆದುಕೊಳ್ಳುವವರು ಎರಡನ್ನೂ ತಿರುಗಿಸಿ ನೋಡಿದರು. ಕೆಟ್ಟವರೇನಲ್ಲ, ಅವರಿಗೆ ನಿಜವಾಗಿಯೂ ತಿಳಿಯಲಿಲ್ಲ. “ಮೇಲ್ ವಾರ್ಡಿಗೆ ಹಾಕಬೇಕಾ, ಫೀಮೇಲ್ ವಾರ್ಡಿಗಾ?” ಎಂದು ಯಾರನ್ನೋ ಕೇಳಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಸ್ಟ್ರೆಚರ್ ಮೇಲೆ ಮಲಗಿದ್ದ ನಾನು ಕಣ್ಣು ಮುಚ್ಚಿಕೊಂಡೆ.

ಅವ್ವ ಮೇಜಿನ ಹತ್ತಿರ ಹೋದಳು.

“ಬರ್ಕಳಿ ಸಾ. ನನ್ ಮಗಳು. ಅವ್ಳ ಮೈ ತೊಳಿಯೋಳು ನಾನು, ಬಟ್ಟೆ ಬದ್ಲಾಯ್ಸೋಳು ನಾನು. ಗಂಡುಸ್ರ ಮಧ್ಯ ಎಂಗ್ ಮಾಡ್ಲಿ? ಎಂಗುಸ್ರ ತಾವೇ ಆಕಿ ಅವ್ಳ.”

ಅವಳು.

ಒಂದಲ್ಲ, ಎರಡು ಸಲ. ಮೈಯಲ್ಲಿ ಒಂದು ಬೆರಳೂ ಆಡದೆ ಬಿದ್ದಿದ್ದ ನನಗೆ ಎದ್ದು ಕುಣಿಯಬೇಕೆನಿಸಿತು. ಬರೆದುಕೊಳ್ಳುವವರು ಬರೆದುಕೊಂಡರು.

ಪರೀಕ್ಷೆಗಳಾದವು. ಬೆನ್ನಿನಿಂದ ನೀರು ತೆಗೆದರು. ನರ್ವ್ ಕಂಡಕ್ಷನ್ ಟೆಸ್ಟ್ ಎಂದು ಕೈಕಾಲಿಗೆ ಸಣ್ಣ ಸಣ್ಣ ಕರೆಂಟ್ ಕೊಟ್ಟು ನೋಡಿದರು. ಆಮೇಲೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತರು. ನಿಂತು ಹೇಳಬಹುದಾಗಿದ್ದನ್ನು ಕೂತು ಹೇಳಿದರು, ಅದನ್ನು ನಾನು ಮರೆಯುವುದಿಲ್ಲ.

“ಇದಕ್ಕೆ ಗಿಲಾನ್ ಬ್ಯಾರೆ ಸಿಂಡ್ರೋಮ್ ಅಂತಾರೆ ಮಂಗಳಾ. ಹೊಟ್ಟೆ ಕೆಟ್ಟಿತ್ತಲ್ಲ, ಆ ರೋಗಾಣುವಿನ ಜೊತೆ ಹೋರಾಡಲು ಎದ್ದ ಮೈಯ ರಕ್ಷಣೆ ದಾರಿ ತಪ್ಪಿ ನಿಮ್ಮ ನರಗಳ ಮೇಲೇ ಬಿದ್ದಿದೆ. ಮೈ ತನ್ನನ್ನು ತಾನೇ ಗುರುತು ಹಿಡಿಯದೆ ಹೊಡೆಯುತ್ತಿದೆ.”

ನನಗೆ ನಗು ಬಂತು. ಡಾಕ್ಟರಿಗೆ ಗಾಬರಿಯಾಯಿತು.

ಏನು ಹೇಳಲಿ ಅವರಿಗೆ? ಹದಿಮೂರನೇ ವಯಸ್ಸಿನಿಂದ ಈ ಮೈಯ ಜೊತೆ ನನಗೆ ಯುದ್ಧವಾಗಿತ್ತು. ಕನ್ನಡಿಯನ್ನು ಗೋಡೆಗೆ ತಿರುಗಿಸಿ ಇಟ್ಟವಳು ನಾನು. ಆಪರೇಷನ್ ಆದ ಮೇಲೆ ಹೇಗೋ ಇಬ್ಬರಿಗೂ ರಾಜಿಯಾಗಿತ್ತು, ಅರ್ಧ ರಾಜಿ. ಈಗ ನಾನು ಸುಮ್ಮನಿರುವಾಗ ಅದೇ ಎದ್ದು ಹೊಡೆಯುತ್ತಿದೆಯಲ್ಲ! ಆದರೆ ನಗು ನಿಂತ ಮೇಲೆ ಇನ್ನೊಂದು ಯೋಚನೆ ಬಂತು. ಗುರುತು ಸಿಗದೆ ಹೊಡೆಯುವುದು ಎಂದರೆ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಮೊದಲ ಸಲ ನನ್ನ ಮೈಯ ಮೇಲೆ ನನಗೆ ಕೋಪ ಬರಲಿಲ್ಲ, ಕನಿಕರ ಬಂತು.

ಐದು ದಿನ ಇಮ್ಯುನೋಗ್ಲೋಬ್ಯುಲಿನ್ ಎಂಬ ಔಷಧಿಯನ್ನು ಡ್ರಿಪ್‌ನಲ್ಲಿ ಹಾಕಿದರು. ರೋಗ ಉಸಿರಿಗೆ ಏರಬಹುದು ಎಂದು ಮೊದಲು ಐಸಿಯುನಲ್ಲಿಟ್ಟರು. ಅಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಒಂದು ಪರೀಕ್ಷೆ. ಉಸಿರು ತುಂಬಿಕೊಂಡು, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತೇನೋ ಎಣಿಸಬೇಕು. ಮೊದಲ ದಿನ ಇಪ್ಪತ್ತೆರಡು. ಮರುದಿನ ಹದಿನೇಳು. ಸಂಜೆ ಹದಿನಾಲ್ಕು.

“ಇನ್ನೂ ಇಳಿದರೆ ವೆಂಟಿಲೇಟರ್ ಹಾಕಬೇಕಾಗುತ್ತದೆ. ಎಷ್ಟು ಮೆಲ್ಲಗೆ ಎಣಿಸುತ್ತಿದ್ದೀರಿ! ಗಂಟಲು ಬಿಟ್ಟು ಎಣಿಸಿ” ಎಂದರು ಡಾಕ್ಟರು.

ನಾನು ಯಾವತ್ತೂ ಮೆಲ್ಲಗೇ ಮಾತಾಡುವವಳು. ದೊಡ್ಡ ದನಿ ತೆಗೆದರೆ ಅದು ತಗ್ಗಿನಲ್ಲಿ ಗುಂಯ್‌ಗುಡುತ್ತದೆ, ಜನ ತಿರುಗುತ್ತಾರೆ. ಇಪ್ಪತ್ತು ವರ್ಷ ಆ ದನಿಯನ್ನು ಮುಚ್ಚಿಟ್ಟುಕೊಂಡಿದ್ದೆ. ಆದರೆ ಉಸಿರಿನ ಪ್ರಶ್ನೆ ಬಂದಾಗ ನಾಚಿಕೆಗೆ ಜಾಗವೆಲ್ಲಿ? ಎದೆ ತುಂಬಿಕೊಂಡು ಗಂಟಲು ಬಿಟ್ಟೆ. ಒಂದು, ಎರಡು, ಮೂರು... ಇಡೀ ಐಸಿಯು ಕೇಳುವ ಹಾಗೆ. ಹದಿನಾರು ಮುಟ್ಟಿತು. ಮರುದಿನವೂ ಹದಿನಾರು. ಅದರ ಮರುದಿನ ಹತ್ತೊಂಬತ್ತು! ಅವತ್ತಿನಿಂದ ಏರಿತೇ ಹೊರತು ಇಳಿಯಲಿಲ್ಲ. ಇಪ್ಪತ್ತೇಳು ಎಣಿಸಿದ ದಿನ ಪಕ್ಕದಲ್ಲಿದ್ದ ನರ್ಸು ಚಪ್ಪಾಳೆ ತಟ್ಟಿದಳು. “ಏನ್ ಗಂಟ್ಲಕ್ಕ ನಿಮ್ದು, ದೇವಸ್ಥಾನದ ಗಂಟೆ ಇದ್ದಂಗದೆ” ಎಂದಳು. ಹೊಗಳಿಕೆಯೇ ಅದು. ಹೊಗಳಿಕೆಯೆಂದೇ ತೆಗೆದುಕೊಂಡೆ.

ವಾರ್ಡಿಗೆ ತಂದರು. ಹೆಂಗಸರ ವಾರ್ಡು.

ಮೊದಲ ದಿನ ನರ್ಸು ಅವ್ವನಿಗೆ ಬಿಸಿನೀರು, ಬಟ್ಟೆ ಕೊಟ್ಟು ಮೈ ಒರೆಸುವುದನ್ನು ಹೇಳಿಕೊಟ್ಟಳು. ಸುತ್ತ ಪರದೆ ಎಳೆದಳು. ನಾನು ಈ ಗಳಿಗೆಗೆ ರೋಗಕ್ಕಿಂತ ಹೆಚ್ಚು ಹೆದರಿದ್ದೆ. ಹತ್ತು ವರ್ಷದವಳಾದಾಗಿನಿಂದ ಅವ್ವನ ಮುಂದೆ ನಾನು ಬಟ್ಟೆ ಬಿಚ್ಚಿದವಳಲ್ಲ. ಈಗ ಮುಚ್ಚಿಕೊಳ್ಳಲು ಕೈಯೇ ಏಳುತ್ತಿಲ್ಲ.

ಅವ್ವ ಮುಖ ಒರೆಸಿದಳು. ತೋಳು, ಎದೆ. ಕೈ ನಿಲ್ಲಲಿಲ್ಲ. ಹೊಟ್ಟೆ. ಅದರ ಕೆಳಗೆ ಬಂದಾಗ ನಿಂತಿತು. ಆಪರೇಷನ್ನಿನ ಗೆರೆಗಳನ್ನು ನೋಡಿದಳು. ನಾನು ಚಾವಣಿಯ ಫ್ಯಾನು ನೋಡಿದೆ.

“ಯಾವಾಗ ಮಾಡ್ಸ್ಕಂಡೆ ಇದ್ನ?”

“ಆರು ವರ್ಸ ಆಯ್ತವ್ವ.”

“ಜತೇಲ್ ಯಾರಿದ್ರು?”

“ನನ್ನಂಗೇ ಇರೋ ಒಬ್ಳು ಗೆಳತಿ ಇದ್ಲು. ನಾಕ್ ದಿನ.”

“ಆಮ್ಯಾಕೆ?”

“ಒಬ್ಳೇ.”

ಅವ್ವ ಬಟ್ಟೆಯನ್ನು ಬಿಸಿನೀರಿಗೆ ಅದ್ದಿದಳು. ಹಿಂಡಿದಳು. ಮತ್ತೆ ಅದ್ದಿದಳು.

“ಬಿಸ್ನೀರ್ ಕಾಸ್ಕೊಡೋಕೂ ಯಾರೂ ಇರ್ನಿಲ್ವಾ? ನಂಗೊಂದ್ ಮಾತ್ ಯೋಳ್ಬಾರ್ದಾಗಿತ್ತಾ ಮಗ? ನಾ ಬತ್ತಿರ್ನಿಲ್ವಾ?”

ಇಷ್ಟು ವರ್ಷ ನಾನು ಅಂದುಕೊಂಡಿದ್ದೇ ಬೇರೆ. ಏನು ಮಾಡಿಕೊಂಡೆ ಎಂದು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅತ್ತದ್ದು ಬಿಸಿನೀರಿಗೆ. ನನ್ನ ಕಣ್ಣಿನಿಂದಲೂ ನೀರು ಹರಿದು ಕಿವಿಯೊಳಗೆ ಹೋಯಿತು, ಒರೆಸಿಕೊಳ್ಳಲು ಕೈಯಿಲ್ಲ. ಅವ್ವ ಅದೇ ಬಟ್ಟೆಯಿಂದ ನನ್ನ ಕಣ್ಣು ಒರೆಸಿದಳು, ತನ್ನದನ್ನೂ ಒರೆಸಿಕೊಂಡಳು. ಆಮೇಲೆ ಪರದೆ ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ, ಸೀರೆಯ ನಿರಿಗೆಯನ್ನು ಸ್ವಲ್ಪ ಕೆಳಗೆ ಜಗ್ಗಿ ಹೊಟ್ಟೆ ತೋರಿಸಿದಳು. ಹೊಕ್ಕುಳ ಕೆಳಗೆ ಒಂದು ಅಡ್ಡ ಗೆರೆ.

“ನಂದ್ ನೋಡು. ಮಕ್ಳಾಗ್ದಂಗೆ ಆಪ್ರೇಷನ್ ಮಾಡ್ದಾಗ ಎಂಗ್ ಒಲ್ದವ್ರೆ, ಗೋಣಿಚೀಲ ಒಲ್ದಂಗೆ. ನಿಂದೇ ವಾಸಿ ಕಣ್ಮಗ. ನಿಮ್ ಡಾಕ್ಟ್ರು ಕೈ ಚೆನ್ನಾಗದೆ.”

ದರ್ಜಿಯ ಕಣ್ಣಿನಿಂದ ನೋಡಿದೆ. ನಿಜ. ಅವ್ವನ ಹೊಲಿಗೆ ಬಹಳ ಸೊಟ್ಟ. ಇಬ್ಬರೂ ಪರದೆಯ ಒಳಗೆ ಸದ್ದಾಗದ ಹಾಗೆ ನಗಲು ಹೋಗಿ, ತಡೆಯಲಾಗದೆ ಜೋರಾಗಿಯೇ ನಕ್ಕುಬಿಟ್ಟೆವು.

“ಅದೇನವ್ವ ಒಳಗಡೆ, ನಮ್ಗೂ ಯೋಳಿ!” ಎಂದು ಪಕ್ಕದ ಬೆಡ್ಡಿನ ಕೆಂಪಮ್ಮಜ್ಜಿ ಕೂಗಿದಳು.

ಹನೂರಿನ ಕೆಂಪಮ್ಮಜ್ಜಿಗೆ ಸ್ಟ್ರೋಕ್ ಆಗಿ ಒಂದು ಪಕ್ಕ ಸೋತಿತ್ತು, ಬಾಯಿ ಮಾತ್ರ ಸೋತಿರಲಿಲ್ಲ. ಅಷ್ಟರಲ್ಲಿ ಅವಳ ಮುಂದೆ ಮುಖ ಮುಚ್ಚಿಕೊಳ್ಳಲು ನನಗೊಂದು ಕಾರಣ ಬಂತು. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು ಎಂದು ಡಾಕ್ಟರು ನನ್ನ ಹಾರ್ಮೋನ್ ಮಾತ್ರೆಗಳನ್ನು ನಿಲ್ಲಿಸಿದ್ದರು. ಆರು ವರ್ಷ ಒಂದು ದಿನವೂ ತಪ್ಪಿಸದ ಮಾತ್ರೆ. ಮೈ ಹಿಂದಕ್ಕೆ ಹೋಗಿಬಿಡುತ್ತದೆಯೇನೋ ಎಂದು ನಾನು ಕಂಗಾಲಾಗಿದ್ದೆ. “ನಿಲ್ಲಿಸುತ್ತಿಲ್ಲ, ಸ್ವಲ್ಪ ದಿನ ಮುಂದೆ ಹಾಕುತ್ತಿದ್ದೇವೆ. ಓಡಾಡುವ ಹಾಗಾದ ಮೇಲೆ ಮತ್ತೆ ಶುರು ಮಾಡೋಣ. ಅಷ್ಟಕ್ಕೆಲ್ಲ ನಿಮ್ಮ ಮೈ ನಿಮ್ಮನ್ನು ಮರೆಯುವುದಿಲ್ಲ” ಎಂದರು ಸ್ಟೂಲಿನ ಡಾಕ್ಟರು. ಆದರೂ ಲೇಸರ್‌ಗೆ ಸಿಗದೆ ಉಳಿದಿದ್ದ ಗಲ್ಲದ ಕೂದಲು ಅಲ್ಲೊಂದು ಇಲ್ಲೊಂದು ತಲೆ ಎತ್ತಿತು. ಮನೆಯಲ್ಲಾಗಿದ್ದರೆ ದಿನಾ ಬೆಳಗ್ಗೆ ಕಿತ್ತು ಹಾಕುತ್ತಿದ್ದೆ. ಇಲ್ಲಿ ಕೈಯಿಲ್ಲ. ಹೊದಿಕೆಯನ್ನು ಮೂಗಿನವರೆಗೆ ಹೊದಿಸೆಂದು ಅವ್ವನಿಗೆ ಹೇಳಿದೆ.

“ಏನವ್ವ ಮಂಗ್ಳಾ, ಈ ಸೆಕೇಲಿ ಮಕ ಮುಚ್ಕಂಡ್ ಮಲ್ಗಿದ್ದೀಯ?” ಎಂದಳು ಅಜ್ಜಿ.

ಅವ್ವನೇ ಹೇಳಿಬಿಟ್ಟಳು. “ಗಲ್ಲದ್ ತಾವು ಕೂದ್ಲು ಬಂದವೆ ಅಂತ ನಾಚ್ಕೆ ಕಣಮ್ಮ ಅವ್ಳ್ಗೆ.”

“ಅಯ್ಯೋ ಅಷ್ಟೇಯಾ? ಇಲ್ನೋಡಿಲ್ಲಿ” ಎಂದು ಅಜ್ಜಿ ಗಲ್ಲ ಎತ್ತಿದಳು. ಏಳೆಂಟು ಬಿಳಿ ಕೂದಲು, ಒಂದೊಂದೂ ಮೀನಿನ ಮುಳ್ಳಿನಂತಿತ್ತು. “ನಲವತ್ ದಾಟಿದ್ಮೇಲೆ ಯಾರ್ಗ್ ಬರಾಕಿಲ್ಲ ಯೋಳು? ನನ್ ಗಂಡ ಇದ್ದಾಗ, ನನ್ ಮೀಸೆಗಿಂತ ನಿನ್ ಗಡ್ಡನೇ ಗಟ್ಟಿ ಕಣಮ್ಮಿ ಅಂತಿದ್ದ.”

ಎದುರು ಬೆಡ್ಡಿನ ಹೆಂಗಸು ತನ್ನ ಬ್ಯಾಗಿನಿಂದ ಚಿಮಟ ತೆಗೆದುಕೊಟ್ಟಳು. ಅವ್ವ ಕನ್ನಡಕ ಹಾಕಿಕೊಂಡು ಕೂತಳು. ಮೊದಲು ನನ್ನದು, ಆಮೇಲೆ ಅಜ್ಜಿಯದು. ಮಧ್ಯಾಹ್ನದ ಹೊತ್ತಿಗೆ ಚಿಮಟ ಕೊಟ್ಟವಳೂ ತನ್ನ ಹುಬ್ಬು ತಿದ್ದಿಸಿಕೊಳ್ಳಲು ಬಂದು ಕೂತಳು. ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ಬಾಗಿಲಲ್ಲೇ ನಿಂತು, “ಇದೇನು ವಾರ್ಡೋ, ಬ್ಯೂಟಿ ಪಾರ್ಲರೋ?” ಎಂದರು. ಅವತ್ತಿನಿಂದ ನಾನು ಮುಖ ಮುಚ್ಚಿಕೊಳ್ಳಲಿಲ್ಲ.

ಹನ್ನೆರಡನೆಯ ದಿನ ಬೆಳಗ್ಗೆ ಬಲಗೈ ಹೆಬ್ಬೆರಳು ಆಡಿತು.

ನಾನು ಆಡಿಸಿದೆನೋ, ತಾನೇ ಆಡಿತೋ ಗೊತ್ತಿಲ್ಲ. “ಅವ್ವಾ” ಎಂದೆ. ಅವ್ವ ಓಡಿ ಬಂದಳು. ಇನ್ನೊಮ್ಮೆ ಆಡಿಸಿದೆ. ಇಬ್ಬರೂ ಆ ಬೆರಳನ್ನು, ಹೊಸದಾಗಿ ಹುಟ್ಟಿದ ಕೂಸನ್ನು ನೋಡುವ ಹಾಗೆ ನೋಡುತ್ತ ಕೂತೆವು. ದಪ್ಪ ಗೆಣ್ಣಿನ, ಕತ್ತರಿ ಹಿಡಿದು ಕಾಯಿಗಟ್ಟಿದ ಬೆರಳು. ನೇಲ್ ಪಾಲಿಷ್ ಹಚ್ಚಿದಾಗಲೆಲ್ಲ ಇದೊಂದು ಸಣ್ಣಗಿರಬಾರದಿತ್ತೇ ಎಂದು ಬೈದುಕೊಂಡ ಬೆರಳು. ಅವತ್ತು ಅದಕ್ಕಿಂತ ಚೆಂದದ ಬೆರಳನ್ನು ನಾನು ಕಂಡಿರಲಿಲ್ಲ.

ನಾವು ಒಂದೊಂದೇ ಅಂಗಕ್ಕೆ ಕಾದೆವು. ತೋರುಬೆರಳು ಬಂತು. ಮಣಿಕಟ್ಟು ಬಂತು. ಮೊಳಕೈ ಮಡಚಿತು. ಇಡೀ ವಾರ್ಡಿಗೆ ಸುದ್ದಿ ಹೋಗುತ್ತಿತ್ತು. ಚಿಕ್ಕಂದಿನಿಂದ ಈ ಮೈಯಲ್ಲಿ ಯಾವುದು ಇರಬಾರದು ಎಂದು ಪಟ್ಟಿ ಮಾಡುತ್ತಾ ಬಂದವಳಿಗೆ, ಇದೂ ಇರಲಿ ಇದೂ ಇರಲಿ ಎಂದು ಬೇಡುವುದು ಹೊಸದು. ಒಂದು ಸಂಜೆ ನನಗೆ ನಾನೇ ಅಂದುಕೊಂಡೆ: ಹೋದದ್ದೆಲ್ಲ ಬರಲಿ, ಹೇಗಿತ್ತೋ ಹಾಗೆಯೇ ಬರಲಿ.

ಫಿಸಿಯೋಥೆರಪಿ ಮಾಡಿಸುತ್ತಿದ್ದವಳು ಶ್ರುತಿ ಮೇಡಂ. ಯಳಂದೂರಿನವಳು, ಮದುವೆಯಾಗಿ ವರ್ಷವಾಗಿತ್ತಷ್ಟೆ. ಬೇರೆಯವರ ಹತ್ತಿರ ಮೈಸೂರಿನ ಮಾತು, ನಮ್ಮ ಹತ್ತಿರ ನಮ್ಮೂರ ಮಾತು. ಫಿಸಿಯೋ ಹಾಲ್‌ನಲ್ಲಿ ಎರಡು ಉದ್ದನೆಯ ಕಂಬಿಗಳಿವೆ, ಸೊಂಟದ ಎತ್ತರಕ್ಕೆ. ಅವುಗಳ ನಡುವೆ ನಿಂತು, ಕೈಯಲ್ಲಿ ಹಿಡಿದು ಮೈಯ ಭಾರ ಎತ್ತಿ, ಸತ್ತ ಕಾಲಿಗೆ ನಿಲ್ಲುವುದನ್ನು ಕಲಿಸಬೇಕು. ಮೊದಲ ದಿನ ವೀಲ್‌ಚೇರಿನಿಂದ ಕಂಬಿ ಹಿಡಿದೆ. ಎತ್ತಿದೆ. ಮೈ ಮೇಲೆ ಬಂತು.

“ಅಕ್ಕಾ!” ಎಂದಳು ಶ್ರುತಿ. “ಬೇರೆಯೋರ್ಗೆ ಇಲ್ಲಿಂದ ಎದ್ದೇಳೋಕೇ ವಾರ ಬೇಕು. ಎಂಥ ಭುಜ ಅಕ್ಕಾ ನಿಮ್ದು!”

ಅಭ್ಯಾಸದಿಂದ ಸೆರಗು ಎಳೆದುಕೊಳ್ಳಲು ಹೋದೆ. ಮೈಮೇಲೆ ಇದ್ದದ್ದು ಆಸ್ಪತ್ರೆಯ ಗೌನು, ಸೆರಗೆಲ್ಲಿ ಬರಬೇಕು. ಅದೂ ಅಲ್ಲದೆ ಕೈಬಿಟ್ಟರೆ ಬೀಳುತ್ತಿದ್ದೆ.

“ಅಗಲ ಜಾಸ್ತಿ” ಎಂದೆ ಮೆಲ್ಲಗೆ.

“ಅಗಲ ಇರೋದ್ಕೇ ಎದ್ರಿ. ಕಾಲು ಬರೋಗಂಟ ನಿಮ್ಮನ್ನ ಒತ್ಕಳೋವು ಅವೇ ಕಣಕ್ಕ. ಅವುಕ್ಕೊಂದ್ ನಮಸ್ಕಾರ ಮಾಡಿ.”

ತಮಾಷೆಗೆ ಹೇಳಿದಳು. ನಾನು ಮಾತ್ರ ಆ ಕಂಬಿಗಳ ನಡುವೆ ನಡುಗುತ್ತ ನಿಂತು ನಿಜವಾಗಿಯೂ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ಎಡ ಭುಜಕ್ಕೊಂದು, ಬಲ ಭುಜಕ್ಕೊಂದು. ಇಪ್ಪತ್ತು ವರ್ಷ ಬಟ್ಟೆಯಲ್ಲಿ ಮುಚ್ಚಿಟ್ಟ ಇವು ಒಂದು ಮಾತೂ ಆಡದೆ ನನ್ನನ್ನು ನೆಲದಿಂದ ಎತ್ತಿ ನಿಲ್ಲಿಸಿದ್ದವು.

ಆರು ವಾರದ ಮೇಲೆ ವಾಕರ್ ಹಿಡಿದು ಮಧುವನಹಳ್ಳಿಗೆ ಬಂದೆ. ಅವ್ವನ ಮನೆ. ಒಂದು ಕಡೆ ಹುಳದ ತಟ್ಟೆಗಳು, ಇನ್ನೊಂದು ಕಡೆ ನನ್ನ ಮಂಚ. ಹುಳ ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿರುತ್ತದೆ. ನೋಡಲು ಬಂದ ಊರ ಹೆಂಗಸರ ಮುಂದೆ ಅವ್ವ, “ಅವ್ಳು ಇವತ್ತು ಜಗುಲಿಗಂಟ ನಡದ್ಲು” ಎನ್ನುತ್ತಿದ್ದಳು. ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಅವ್ವ ಅದೇ ಮಾತನ್ನು ಇನ್ನೊಮ್ಮೆ, ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿದಳು.

ಮೈ ಇಳಿದು ಬ್ಲೌಸುಗಳೆಲ್ಲ ಸಡಿಲವಾಗಿದ್ದವು. ಕೈಗೆ ಕತ್ತರಿ ಹಿಡಿಯುವಷ್ಟು ಬಲ ಬಂದ ಕೂಡಲೇ ನನಗೊಂದು ಹೊಲಿದುಕೊಳ್ಳಬೇಕೆನಿಸಿತು. ಟೇಪನ್ನು ಬಿಗಿಯಾಗಿ ಹಿಡಿಯಲು ಬೆರಳಿಗೆ ಇನ್ನೂ ಆಗುತ್ತಿರಲಿಲ್ಲ. ಅವ್ವ ಹಿಡಿದಳು. ಬೆನ್ನ ಹಿಂದೆ ನಿಂತು, ಒಂದು ಭುಜದ ತುದಿಯಿಂದ ಇನ್ನೊಂದರ ತುದಿಗೆ.

“ಅದಿನೇಳು.”

ಇಷ್ಟು ವರ್ಷ ನನ್ನ ಅಳತೆಯನ್ನು ನಾನೇ ತೆಗೆದುಕೊಂಡು ಹದಿನೈದೂವರೆ ಎಂದು ಬರೆದುಕೊಳ್ಳುತ್ತಿದ್ದೆ. ಯಾವ ಗಿರಾಕಿಗೂ ಅರ್ಧ ಅಂಗುಲ ಸುಳ್ಳು ಬರೆದವಳಲ್ಲ. ಅದಕ್ಕೇ ನನ್ನ ಬ್ಲೌಸುಗಳು ಯಾವತ್ತೂ ಕಂಕುಳಲ್ಲಿ ಹಿಡಿಯುತ್ತಿದ್ದವು, ಕೈ ಎತ್ತಿದರೆ ಹೊಲಿಗೆ ಬಿಡುತ್ತಿದ್ದವು.

“ನಿಮ್ಮಜ್ಜಿ ಭುಜ ಕಣ್ಮಗ ಇವು,” ಎಂದಳು ಅವ್ವ, ಟೇಪ್ ಸುತ್ತುತ್ತ. “ನಮ್ಮವ್ವ ತಲೆ ಮ್ಯಾಲೊಂದು ಕಂಕ್ಳಲ್ಲೊಂದು ಬಿಂದ್ಗೆ ಒತ್ಕಂಡು ಕೆರೆಯಿಂದ ಬಂದ್ರೆ ಒಂದ್ ತೊಟ್ಟೂ ತುಳುಕ್ತಿರ್ನಿಲ್ಲ. ನನ್ಗ್ ಬರ್ನಿಲ್ಲ ಅವು. ನಿನ್ಗ್ ಬಂದವೆ.”

ನಾನು ಯಾವತ್ತೂ ಈ ಭುಜಗಳನ್ನು ಅಪ್ಪನವು ಎಂದುಕೊಂಡಿದ್ದೆ, ಗಂಡಸಿನವು ಎಂದುಕೊಂಡಿದ್ದೆ. ಒಬ್ಬ ಹೆಂಗಸು ಅವನ್ನು ಹೊತ್ತುಕೊಂಡು ಒಂದು ಆಯುಷ್ಯ ಬಾಳಿದ್ದಳು ಎಂದು ಯಾರೂ ಹೇಳಿರಲಿಲ್ಲ.

ಹದಿನೇಳು ಎಂದು ಬರೆದುಕೊಂಡೆ. ನೀಲಿ ಬಟ್ಟೆ, ಗಿಡ್ಡ ತೋಳು. ನಾಲ್ಕು ದಿನ ಹಿಡಿಯಿತು, ಮೊದಲಾಗಿದ್ದರೆ ಎರಡು ಗಂಟೆಯ ಕೆಲಸ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಎರಡೂ ಕೈ ಎತ್ತಿದೆ. ಎಲ್ಲೂ ಹಿಡಿಯಲಿಲ್ಲ. ನನ್ನ ಮೈ ನನ್ನ ಬಟ್ಟೆಯೊಳಗೆ ಹಾಯಾಗಿ ಉಸಿರಾಡಿತು. ಕನ್ನಡಿಯಲ್ಲಿ ನಿಂತಿದ್ದ ಹೆಂಗಸು ಎತ್ತರವಾಗಿದ್ದಳು, ಬಡಕಲಾಗಿದ್ದಳು, ಭುಜ ಅಗಲವಾಗಿತ್ತು. ಚೆನ್ನಾಗಿದ್ದಳು. ಬಹಳ ಹೊತ್ತು ನೋಡಿದೆ. ಅವ್ವ ಬಂದು, “ಸಾಕು ಬಾ, ಮುದ್ದೆ ಆರೋಯ್ತದೆ” ಎಂದು ಕರೆಯುವವರೆಗೆ.

ಎಲ್ಲವೂ ಸರಿಹೋಗಿದೆ ಎಂದು ಹೇಳುವುದಿಲ್ಲ. ಕಾಲ್ಬೆರಳುಗಳು ಇನ್ನೂ ಜೋಮು ಹಿಡಿದ ಹಾಗೆಯೇ ಇವೆ. ಸಂಜೆಯಾದರೆ ಮೈ ಬೇಗ ಸೋಲುತ್ತದೆ, ಅಂಗಡಿಯನ್ನು ಮಧ್ಯಾಹ್ನದವರೆಗೆ ಮಾತ್ರ ತೆರೆಯುತ್ತೇನೆ. ಹಾರ್ಮೋನ್ ಮಾತ್ರೆ ಮತ್ತೆ ಶುರುವಾಗಿದೆ. ಈ ರೋಗ ಕೆಲವರಿಗೆ ಮರಳಿ ಬರುತ್ತದಂತೆ; ಬರುವುದು ಕಡಿಮೆ ಎಂದು ಡಾಕ್ಟರು ಹೇಳಿದ್ದಾರೆ. ಕಡಿಮೆ ಎನ್ನುವ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಹೋದ ತಿಂಗಳು ಚೆಕಪ್‌ಗೆ ಹೋಗಿದ್ದೆ. ವಾಕರ್ ಇಲ್ಲದೆ, ಕೋಲಿಲ್ಲದೆ. ಶ್ರುತಿ ಮೇಡಂ ನೋಡಿದವಳೇ ನನ್ನ ಕೈ ಹಿಡಿದು ಫಿಸಿಯೋ ಹಾಲ್‌ಗೆ ಎಳೆದುಕೊಂಡು ಹೋದಳು. ಅಲ್ಲಿ ಕಂಬಿಗಳ ಮುಂದೆ ವೀಲ್‌ಚೇರಿನಲ್ಲಿ ಒಬ್ಬರಿದ್ದರು. ಬಂಡಳ್ಳಿಯ ರೈತರು, ಸಿದ್ದರಾಜು ಎಂದು ಹೆಸರು. ನನ್ನದೇ ರೋಗ, ಬಂದು ಮೂರು ವಾರ. ಪಕ್ಕದಲ್ಲಿ ಅವರ ಹೆಂಡತಿ. ಅವರು ಎರಡು ದಿನದಿಂದ ಕಂಬಿ ಹಿಡಿಯಲು ಒಪ್ಪುತ್ತಿಲ್ಲವಂತೆ.

“ಸುಮ್ಕೆ ಯಾಕ್ ತೊಂದ್ರೆ ತಕಂಡೀರಿ ಮೇಡಂ? ಇನ್ನ ಈ ಕಾಲು ಬರಾಕಿಲ್ಲ” ಎಂದರು ಅವರು.

“ಅಕ್ಕಾ, ಒಂಚೂರು ನಡ್ದು ತೋರ್ಸಿ ಇವ್ರಿಗೆ” ಎಂದಳು ಶ್ರುತಿ.

ನಡೆದು ತೋರಿಸುವುದು. ನನ್ನ ನಡಿಗೆಯನ್ನು ಜನ ನೋಡಿದ್ದು ಇದೇ ಮೊದಲಲ್ಲ. ಬಸ್ ಸ್ಟ್ಯಾಂಡಿನಲ್ಲಿ ನೋಡುತ್ತಾರೆ, ಹಿಂದಿನಿಂದ ಅಣಕಿಸಿ ನಡೆದವರೂ ಇದ್ದಾರೆ. ಅದಕ್ಕೇ ಹೆಜ್ಜೆಯನ್ನು ಮೊಟಕು ಮಾಡಿಕೊಂಡು, ಗೋಡೆ ಸವರಿಕೊಂಡು, ಬೇಗ ಬೇಗ ದಾಟುವುದನ್ನು ಕಲಿತಿದ್ದೆ. ಹಾಲ್‌ನಲ್ಲಿ ಇಪ್ಪತ್ತು ಜನರಾದರೂ ಇದ್ದರು. ಎಲ್ಲರೂ ತಿರುಗಿದರು.

ಸೀರೆಯನ್ನು ಕಣಕಾಲಿನ ಮೇಲಕ್ಕೆ ಸ್ವಲ್ಪ ಎತ್ತಿ ಸಿಕ್ಕಿಸಿಕೊಂಡೆ, ಅವರಿಗೆ ಪಾದ ಕಾಣಲಿ ಎಂದು. “ನೋಡಿ ಅಣ್ಣ. ಮೂರ್ ತಿಂಗ್ಳ ಕೆಳಗೆ ಈ ಕಾಲಲ್ಲಿ ಒಂದ್ ಸೊಳ್ಳೆ ಕೂತ್ರೂ ಓಡ್ಸೋಕಾಯ್ತಿರ್ನಿಲ್ಲ.”

ಹಾಲ್‌ನ ನಟ್ಟನಡುವೆ ನಡೆದೆ. ಹೆಜ್ಜೆ ಮೊಟಕು ಮಾಡಲಿಲ್ಲ. ಸಿದ್ದರಾಜು ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಎದೆಯ ಮೇಲಿರಲಿಲ್ಲ. ಹಿಮ್ಮಡಿ ಹೇಗೆ ಊರುತ್ತದೆ, ಮಂಡಿ ಎಷ್ಟು ಮಡಚುತ್ತದೆ, ಬೆರಳು ಯಾವಾಗ ನೆಲ ಬಿಡುತ್ತದೆ ಎಂದು, ಬಾಯಾರಿದವರು ನೀರು ನೋಡುವ ಹಾಗೆ ನೋಡುತ್ತಿದ್ದರು. ಗೋಡೆ ಮುಟ್ಟಿ ತಿರುಗಿ ಬಂದೆ.

ಸಿದ್ದರಾಜು ಹೆಂಡತಿಯ ಕಡೆ ಬಾಗಿ ಏನೋ ಹೇಳಿದರು. ಅವಳು ಸಂಕೋಚದಿಂದ ನನ್ನ ಹತ್ತಿರ ಬಂದಳು.

“ಅಕ್ಕಾ, ಬೇಜಾರ್ ಮಾಡ್ಕಬ್ಯಾಡಿ. ಇವ್ರ್ಗೆ ಸರ್ಯಾಗ್ ಕಾಣ್ನಿಲ್ವಂತೆ. ಇನ್ನೊಂದ್ ಕಿತ ನಡೀತೀರಾ?”

ಅವರ ವೀಲ್‌ಚೇರಿನ ಮುಂದೆಯೇ, ಮೆಲ್ಲಗೆ, ಇನ್ನೊಂದು ಸಲ ನಡೆದೆ. ತಿರುಗಿ ನೋಡಿದಾಗ ಅವರು ಎರಡೂ ಕೈ ಚಾಚಿ ಕಂಬಿ ಹಿಡಿದಿದ್ದರು.